ಬೆಂಗಳೂರಿನಲ್ಲೇ ಕೂತು ಬಂಗುಡೆ ಬಲೆ ವಿನ್ಯಾಸ ಮಾಡುವುದು: ಅಳತೆಯಿಂದ ಕಟ್ಟುವವರೆಗೆ

ಕುಂದಾಪುರ, ಹೊನ್ನಾವರ, ಕಾರವಾರದ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರ ಮನೆಗಳಲ್ಲಿ ನಾಡದೋಣಿಯ ಮಾತು ಬರುತ್ತಲೇ ಇರುತ್ತದೆ. ಊರಿನಲ್ಲಿ ಅಣ್ಣನೋ ಮಾವನೋ ದೋಣಿ ಇಟ್ಟಿರುತ್ತಾರೆ, ಬಲೆಗೆ ಪ್ರತಿ ವರ್ಷ ಹಣ ಇಲ್ಲಿಂದ ಹೋಗುತ್ತದೆ. ಆದರೆ ಆ ಬಲೆ ಯಾಕೆ ಆ ಅಳತೆಯಲ್ಲೇ ಇರಬೇಕು ಎಂದು ಕೇಳಿದರೆ ‘ಮೊದಲಿನಿಂದಲೂ ಹಾಗೇ’ ಎಂಬ ಉತ್ತರ ಬರುವುದೇ ಹೆಚ್ಚು. ಊರಿನವರ ಕೈಗೆ ಆ ಲೆಕ್ಕ ಗೊತ್ತಿದೆ, ಕಾಗದಕ್ಕೆ ಇಳಿದಿಲ್ಲ ಅಷ್ಟೆ. ಅದನ್ನು ಕಾಗದಕ್ಕೆ ಇಳಿಸುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಸಮುದ್ರ ಬೇಕಿಲ್ಲ. ದರ್ಜಿಯ ಟೇಪು, ಕ್ಯಾಲ್ಕುಲೇಟರ್, ಒಂದು ಬಕೆಟ್, ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿ, ಇಷ್ಟು ಸಾಕು.

ನಾನು ಆರಿಸಿಕೊಂಡಿರುವುದು ಗಿಲ್‌ನೆಟ್, ಅಂದರೆ ನೀರಿನಲ್ಲಿ ಪರದೆಯಂತೆ ನಿಂತು ಮೀನನ್ನು ಕಿವಿರಿನ ಹಿಂದೆ ಸಿಕ್ಕಿಸಿಕೊಳ್ಳುವ ಬಲೆ. ಕೈರಂಪಣಿಗೆ ಊರಿನ ಹತ್ತಾರು ಜನ ದಡದಲ್ಲಿ ನಿಂತು ಎಳೆಯಬೇಕು, ಬೀಸುಬಲೆಗೆ ತೋಳಿನ ಅಭ್ಯಾಸ ಬೇಕು. ಇವೆರಡಕ್ಕಿಂತ ಗಿಲ್‌ನೆಟ್ ಲೆಕ್ಕಕ್ಕೆ ಚೆನ್ನಾಗಿ ಒಗ್ಗುತ್ತದೆ. ಮೀನು ಬಂಗುಡೆ, ಏಕೆಂದರೆ ಅದು ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತದೆ.

ಬಲೆ ಎಂದರೆ ಗಂಟು ಹಾಕುವ ಕೆಲಸ ಎಂದು ಹಲವರು ತಿಳಿದಿರುತ್ತಾರೆ. ಗಂಟು ಈಗ ಬಹುಮಟ್ಟಿಗೆ ಯಂತ್ರದ ಪಾಲು. ವಿನ್ಯಾಸ ಅಡಗಿರುವುದು ಮೂರು ಸಂಗತಿಗಳಲ್ಲಿ: ಬಲೆಯ ಕಣ್ಣಿನ, ಅಂದರೆ ನೂಲುಗಳ ನಡುವಿನ ತೂತಿನ, ಅಳತೆ, ಬಲೆಯನ್ನು ಹಗ್ಗಕ್ಕೆ ಎಷ್ಟು ಸಡಿಲವಾಗಿ ಕಟ್ಟುತ್ತೀರಿ ಎಂಬುದು, ಬಲೆಯನ್ನು ಮೇಲಕ್ಕೆ ತೇಲಿಸುವ ಬೆಂಡು ಮತ್ತು ಕೆಳಕ್ಕೆ ಎಳೆಯುವ ಸೀಸದ ತೂಕದ ಹೊಂದಾಣಿಕೆ. ಎರಡನೆಯದರಲ್ಲಿ ತಪ್ಪಿದರೆ ಉಳಿದೆರಡು ಸರಿಯಿದ್ದೂ ಪ್ರಯೋಜನವಿಲ್ಲ.

ಹಂತ 1: ಮೀನನ್ನು ಅಳೆಯಿರಿ

ಬೆಳಿಗ್ಗೆ ಬೇಗ ಮಾರುಕಟ್ಟೆಗೆ ಹೋಗಿ ಒಂದೆರಡು ಕಿಲೋ ಬಂಗುಡೆ ತನ್ನಿ. ಮಂಜುಗಡ್ಡೆಯಲ್ಲಿ ಬಂದದ್ದು ಆಗಬಹುದು, ಹೆಪ್ಪುಗಟ್ಟಿಸಿ ಕರಗಿಸಿದ ಮೀನು ಬೇಡ. ಅದರ ಮೈ ಮೆತ್ತಗಾಗಿ ಸುತ್ತಳತೆ ಸುಳ್ಳು ಹೇಳುತ್ತದೆ. ಹೊಟ್ಟೆ ಒಡೆದದ್ದನ್ನೂ ಬಿಡಿ. ಗಾತ್ರದಲ್ಲಿ ಆರಿಸಬೇಡಿ, ಬುಟ್ಟಿಯಲ್ಲಿ ಇದ್ದ ಹಾಗೆ ತನ್ನಿ. ದೊಡ್ಡದನ್ನೇ ಹೆಕ್ಕಿದರೆ ಸರಾಸರಿ ಕೆಡುತ್ತದೆ.

ಪ್ರತಿ ಮೀನಿಗೂ ಮೂರು ಅಳತೆ ಬರೆದುಕೊಳ್ಳಿ. ಒಂದು, ಮೂತಿಯಿಂದ ಬಾಲದ ಕವಲಿನವರೆಗಿನ ಉದ್ದ. ಎರಡು, ಕಿವಿರಿನ ಮುಚ್ಚಳದ ಹಿಂದಿನ ಅಂಚಿನಲ್ಲಿ ಸುತ್ತಳತೆ. ಮೂರು, ಮೈ ಅತಿ ದಪ್ಪಗಿರುವ ಕಡೆ, ಸಾಮಾನ್ಯವಾಗಿ ಮೊದಲ ಬೆನ್ನುರೆಕ್ಕೆಯ ಬಳಿ, ಸುತ್ತಳತೆ. ಟೇಪನ್ನು ಬಿಗಿದು ಹಿಡಿಯಬೇಡಿ, ಮೈಗೆ ತಾಗಿದರೆ ಸಾಕು. ಅಳೆದ ಮೇಲೆ ಮೀನು ಅಡುಗೆಮನೆಗೆ ಹೋಗಲಿ, ಇಷ್ಟು ಉಪಯುಕ್ತವಾದ ಪ್ರಯೋಗಸಾಮಗ್ರಿ ಬೇರೆ ಯಾವ ವಿಷಯದಲ್ಲೂ ಸಿಗುವುದಿಲ್ಲ.

ತತ್ವ ಹೀಗಿದೆ. ತಲೆ ಕಣ್ಣಿನೊಳಗೆ ತೂರಬೇಕು, ಮೈ ತೂರಬಾರದು. ಅಂದರೆ ಕಣ್ಣಿನ ಒಳಸುತ್ತು ಎರಡನೆಯ ಅಳತೆಗಿಂತ ದೊಡ್ಡದಾಗಿ, ಮೂರನೆಯದಕ್ಕಿಂತ ಚಿಕ್ಕದಾಗಿ ಇರಬೇಕು. ನಿಮ್ಮ ಮೀನುಗಳ ಸರಾಸರಿ ಕಿವಿರಿನ ಬಳಿ 98 ಮಿ.ಮೀ., ದಪ್ಪದ ಕಡೆ 122 ಮಿ.ಮೀ. ಬಂತು ಎನ್ನೋಣ. ನಡುವೆ 104 ಆರಿಸಿಕೊಳ್ಳಿ. ಕಣ್ಣನ್ನು ಎರಡು ತುದಿ ಹಿಡಿದು ಎಳೆದಾಗ ಬರುವ ಉದ್ದ ಈ ಸುತ್ತಿನ ಅರ್ಧ, ಅಂದರೆ 52 ಮಿ.ಮೀ. ಅಂಗಡಿಯಲ್ಲಿ ಕೇಳುವಾಗ ಇದನ್ನೇ ಹೇಳಬೇಕು, ಆದರೆ ‘ಎಳೆದ ಅಳತೆ’ ಎಂದು ಒತ್ತಿ ಹೇಳಿ. ಗಂಟಿನಿಂದ ಗಂಟಿಗೆ ಅಳೆದರೆ ಅದೇ ಬಲೆ 26 ಮಿ.ಮೀ. ಆಗುತ್ತದೆ. ಈ ಎರಡರ ಗೊಂದಲದಿಂದ ದುಪ್ಪಟ್ಟು ಕಣ್ಣಿನ ಬಲೆ ಮನೆಗೆ ಬರುವುದುಂಟು, ವಾಪಸು ತೆಗೆದುಕೊಳ್ಳುವವರು ಯಾರೂ ಇಲ್ಲ.

ತಾಳೆ ನೋಡಲು ಇನ್ನೊಂದು ದಾರಿಯಿದೆ. ಮೀನಿನ ಉದ್ದವನ್ನು ಒಂದು ಸಂಖ್ಯೆಯಿಂದ ಭಾಗಿಸುವುದು: ಉದ್ದಗೆ ತೆಳ್ಳಗಿರುವ ಮೀನಿಗೆ 5, ಸಾಧಾರಣ ಮೈಕಟ್ಟಿಗೆ 3.5, ಮಾಂಜಿಯಂತೆ ಅಗಲವಾದದ್ದಕ್ಕೆ 2.5. ನಿಮ್ಮ ಬಂಗುಡೆ 190 ಮಿ.ಮೀ. ಇದ್ದರೆ ಉತ್ತರ 38 ಮತ್ತು 54ರ ನಡುವೆ ಬರುತ್ತದೆ. ಬಂಗುಡೆಯ ಮೈಕಟ್ಟು ಸಾಧಾರಣಕ್ಕೆ ಹತ್ತಿರವಾದ್ದರಿಂದ 52 ಸರಿಯಾಗಿಯೇ ಕೂರುತ್ತದೆ. ಕರಾವಳಿಯಲ್ಲಿ ಬಂಗುಡೆಗೆ ಬಳಸುವ ಬಲೆಗಳೂ 50 ಮಿ.ಮೀ.ಯ ಆಸುಪಾಸಿನಲ್ಲೇ ಇರುತ್ತವೆ. ಊರಿನವರ ಕೈಲೆಕ್ಕಕ್ಕೂ ಟೇಪಿನ ಲೆಕ್ಕಕ್ಕೂ ಜಗಳವಿಲ್ಲ.

ಒಂದೇ ಜಾತಿಯ ಮೀನು ಬೆಳೆದಂತೆ ಅದರ ಆಕಾರ ಹೆಚ್ಚು ಬದಲಾಗುವುದಿಲ್ಲ, ಆದ್ದರಿಂದ ಕಣ್ಣಿನ ಗಾತ್ರ ಮೀನಿನ ಉದ್ದಕ್ಕೆ ತಕ್ಕಂತೆ ಏರಬೇಕು ಎಂಬುದನ್ನು ರಷ್ಯಾದ ವಿಜ್ಞಾನಿ ಬರಾನೊವ್ 1914ರಲ್ಲೇ ಸಿದ್ಧಾಂತವಾಗಿ ಇಟ್ಟರು. ಇದರ ಇನ್ನೊಂದು ಮುಖವೂ ಉಂಟು. ಕಣ್ಣಿಗೆ ತಕ್ಕ ಉದ್ದಕ್ಕಿಂತ ಸುಮಾರು ಶೇ 20ರಷ್ಟು ಚಿಕ್ಕದಾದ ಅಥವಾ ದೊಡ್ಡದಾದ ಮೀನು ಗಿಲ್‌ನೆಟ್‌ಗೆ ಸಿಗುವುದು ಕಡಿಮೆ. ಮರಿಗಳನ್ನು ಬಿಟ್ಟುಬಿಡುವ ಗುಣ ಈ ಬಲೆಗೆ ಹುಟ್ಟಿನಿಂದಲೇ ಇದೆ. ‘ಸ್ವಲ್ಪ ಸಣ್ಣ ಕಣ್ಣು ಹಾಕಿದರೆ ಹೆಚ್ಚು ಸಿಗುತ್ತದೆ’ ಎಂದು 40ಕ್ಕೆ ಇಳಿಸುವವರು ಆ ಗುಣವನ್ನು ಕಳೆಯುವುದಷ್ಟೇ ಅಲ್ಲ, ಬೆಲೆ ಬರುವ ದೊಡ್ಡ ಬಂಗುಡೆಯನ್ನೂ ಕಳೆದುಕೊಳ್ಳುತ್ತಾರೆ: ಅದರ ಮೂತಿ ತಾಗಿ ಹಿಂದೆ ಸರಿಯುತ್ತದೆ.

ಹಂತ 2: ನೂಲು

ಹತ್ತಿ ಬಲೆಯ ಕಾಲದಲ್ಲಿ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುವ ಕೆಲಸವೇ ದೊಡ್ಡದಾಗಿತ್ತು, ಇಲ್ಲದಿದ್ದರೆ ನೂಲು ಕೊಳೆಯುತ್ತಿತ್ತು. ನೈಲಾನ್ ಬಂದಮೇಲೆ ಆ ಚಿಂತೆ ಹೋಗಿ ಬಿಸಿಲಿನ ಚಿಂತೆ ಬಂತು.

ಎರಡು ಆಯ್ಕೆಗಳಿವೆ. ಹುರಿ ಹೊಸೆದ ನೈಲಾನ್ ನೂಲು ಮೃದು, ಕೈಗೆ ಒಗ್ಗುತ್ತದೆ, ಮನೆಯಲ್ಲೇ ಹೆಣೆಯಬಹುದು. ಅದರ ಮೇಲಿನ 210/1/2 ಎಂಬ ಬರಹವನ್ನು ಹೀಗೆ ಓದಬೇಕು: 210 ಡೆನಿಯರ್ ಎಳೆ, ಪ್ರತಿ ಪುರಿಯಲ್ಲಿ (ಒಟ್ಟಿಗೆ ಹೊಸೆಯುವ ಎಳೆಗಳ ಕಟ್ಟಿನಲ್ಲಿ) ಒಂದು, ಅಂತಹ ಎರಡು ಪುರಿ. ಡೆನಿಯರ್ ಎಂದರೆ 9000 ಮೀಟರ್ ಎಳೆಯ ಗ್ರಾಂ ತೂಕ. ಇನ್ನೊಂದು, ಒಂಟಿ ಎಳೆಯ ಪಾರದರ್ಶಕ ನೈಲಾನ್. ಇದನ್ನು ವ್ಯಾಸದಿಂದ ಗುರುತಿಸುತ್ತಾರೆ: 0.16, 0.20, 0.23 ಮಿ.ಮೀ. ಹೀಗೆ. ನೀರಿನಲ್ಲಿ ಕಾಣುವುದು ಕಡಿಮೆ, ಹಾಗಾಗಿ ಹಗಲಿನಲ್ಲೂ ಹಿಡಿಯುತ್ತದೆ. ಆದರೆ ಬಿಸಿಲಿಗೆ ಬೇಗ ಗಡುಸಾಗುತ್ತದೆ, ಹರಿದರೆ ಹೊಲಿಯುವುದು ಕಷ್ಟ.

ನೂಲಿನ ದಪ್ಪಕ್ಕೆ ಒಂದು ಅಂದಾಜು: ಗಂಟಿನಿಂದ ಗಂಟಿಗೆ ಇರುವ ಅಳತೆಯ 0.0025ರಿಂದ 0.01ರಷ್ಟು. ಶಾಂತ ನೀರಿಗೆ ಕಡಿಮೆ ತುದಿ, ತಳಕ್ಕೆ ಉಜ್ಜುವ ಬಲೆಗೆ ಹೆಚ್ಚಿನ ತುದಿ. ನಮ್ಮ 26 ಮಿ.ಮೀ.ಗೆ ಇದು 0.065ರಿಂದ 0.26 ಆಗುತ್ತದೆ. 0.20 ಮಿ.ಮೀ. ಒಂಟಿ ಎಳೆ ತೆಗೆದುಕೊಂಡರೆ ಬಾಳಿಕೆಗೂ ಹಿಡಿತಕ್ಕೂ ನಡುವಿನ ಆಯ್ಕೆ. ದಪ್ಪ ನೂಲು ಸುರಕ್ಷಿತ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಗಿಲ್‌ನೆಟ್‌ನಲ್ಲಿ ಅದು ಉಲ್ಟಾ. ದಪ್ಪ ನೂಲು ಮೀನಿಗೆ ಕಾಣುತ್ತದೆ, ಮೈಗೆ ಅಂಟಿ ಬಗ್ಗುವುದಿಲ್ಲ, ಮೀನು ಜಾರಿ ಹೋಗುತ್ತದೆ.

ಹಂತ 3: ಕಟ್ಟುವ ಅನುಪಾತ

ಇಲ್ಲಿ ನಿಧಾನಿಸಿ. ಬಲೆ ಹಾಳೆಯನ್ನು, ಅಂದರೆ ಇನ್ನೂ ಹಗ್ಗಕ್ಕೆ ಕಟ್ಟದ ಬಲೆಯನ್ನು, ಪೂರ್ತಿ ಎಳೆದರೆ ಕಣ್ಣುಗಳು ಗೆರೆಗಳಾಗಿ ಮುಚ್ಚಿಕೊಳ್ಳುತ್ತವೆ, ಮೀನು ಹಿಡಿಯುವುದಿಲ್ಲ. ಆದ್ದರಿಂದ ಉದ್ದನೆಯ ಹಾಳೆಯನ್ನು ಗಿಡ್ಡ ಹಗ್ಗಕ್ಕೆ ನೆರಿಗೆಯಂತೆ ಕಟ್ಟುತ್ತಾರೆ. ಹಗ್ಗದ ಉದ್ದವನ್ನು ಹಾಳೆಯ ಪೂರ್ತಿ ಎಳೆದ ಉದ್ದದಿಂದ ಭಾಗಿಸಿದರೆ ಬರುವುದೇ ಕಟ್ಟುವ ಅನುಪಾತ. 52 ಮೀಟರ್ ಹಾಳೆಯನ್ನು 26 ಮೀಟರ್ ಹಗ್ಗಕ್ಕೆ ಕಟ್ಟಿದರೆ ಅದು 0.5.

ಅಗಲ ನಿರ್ಧಾರವಾದರೆ ಎತ್ತರ ತಾನಾಗಿ ನಿರ್ಧಾರವಾಗುತ್ತದೆ. ಕಣ್ಣು ವಜ್ರಾಕಾರದ್ದು, ಬಾಹುಗಳ ಉದ್ದ ಬದಲಾಗದು, ಹಾಗಾಗಿ ಪೈಥಾಗರಸ್ ಸೂತ್ರವೇ ಸಾಕು: ಅನುಪಾತದ ವರ್ಗವನ್ನು 1ರಿಂದ ಕಳೆದು ವರ್ಗಮೂಲ ತೆಗೆಯಿರಿ. ಅನುಪಾತ 0.5 ಇದ್ದಾಗ ಅದು 0.866. ಅಂದರೆ 52 ಮಿ.ಮೀ.ಯ ಕಣ್ಣು 26 ಅಗಲ, 45 ಎತ್ತರಕ್ಕೆ ತೆರೆದು ನಿಲ್ಲುತ್ತದೆ. ಅನುಪಾತ 0.6 ಆದರೆ 31 ಅಗಲ, ಸುಮಾರು 42 ಎತ್ತರ. 0.707 ಆದಾಗ ಎರಡೂ ಸಮ, ಕಣ್ಣು ಚೌಕ. ಬಲೆ ನೀರಿನಲ್ಲಿ ಅತಿ ಹೆಚ್ಚು ವಿಸ್ತೀರ್ಣ ಆವರಿಸುವುದು ಆಗಲೇ.

ಹಾಗಾದರೆ 0.707 ಏಕೆ ಬೇಡ? ಕಡಿಮೆ ಹಾಳೆಗೆ ಹೆಚ್ಚು ಜಾಗ ಸಿಗುತ್ತದಲ್ಲ? ಲೆಕ್ಕ ನೋಡಿ ಹಣ ಉಳಿಸಹೊರಟವರು ಎಡವುವುದು ಇಲ್ಲಿಯೇ. ಬಿಗಿಯಾಗಿ ಕಟ್ಟಿದ ಬಲೆ ಹಲಗೆಯಂತೆ ನಿಲ್ಲುತ್ತದೆ. ಮೀನು ತಾಗಿದಾಗ ಹಿಂದಕ್ಕೆ ಬಾಗುವುದಿಲ್ಲ, ಸುತ್ತಿಕೊಳ್ಳುವುದಿಲ್ಲ. ಬಂಗುಡೆಯ ಮೈ ಅಗಲಕ್ಕಿಂತ ಎತ್ತರ ಹೆಚ್ಚು, ಹಾಗಾಗಿ ಎತ್ತರದ ಕಣ್ಣು ಅದಕ್ಕೆ ಒಗ್ಗುತ್ತದೆ. 0.5ರ ಆಸುಪಾಸು ಗಿಲ್‌ನೆಟ್‌ಗೆ ವಾಡಿಕೆಯಾಗಿರುವುದಕ್ಕೆ ಕಾರಣ ಇದೇ. ಏಡಿ ಅಥವಾ ಮುಳ್ಳುರೆಕ್ಕೆಯ ಮೀನುಗಳು ಕಿವಿರಿನಲ್ಲಿ ಸಿಗುವುದಕ್ಕಿಂತ ಸುತ್ತಿಕೊಂಡು ಸಿಗುತ್ತವೆ. ಅವುಗಳಿಗೆ 0.4 ಅಥವಾ ಅದಕ್ಕೂ ಕೆಳಗೆ ಇಳಿಸಿ ಬಲೆಯನ್ನು ಇನ್ನೂ ಸಡಿಲ ಬಿಡುತ್ತಾರೆ. ಹಾಳೆಯ ಖರ್ಚು ಏರುತ್ತದೆ, ಮೀನು ಬಿಡಿಸುವ ಹೊತ್ತೂ ಏರುತ್ತದೆ.

ನಮ್ಮ ಒಂದು ತುಂಡಿನ ಲೆಕ್ಕ: ಉದ್ದಕ್ಕೆ 1000 ಕಣ್ಣು, ಎತ್ತರಕ್ಕೆ 60 ಕಣ್ಣು, ಅನುಪಾತ 0.5. ಕಟ್ಟಿದ ಉದ್ದ 26 ಮೀಟರ್. ಎಳೆದ ಎತ್ತರ 3.12 ಮೀಟರ್, ಕಟ್ಟಿದ ಎತ್ತರ 2.70 ಮೀಟರ್. ಒಟ್ಟು ನೂಲು, ಒಂದು ಕಣ್ಣಿಗೆ ನಾಲ್ಕು ಬಾಹುಗಳಂತೆ, 6240 ಮೀಟರ್, ಗಂಟುಗಳಿಗೆ ಬೇರೆ. 0.20 ಮಿ.ಮೀ. ನೈಲಾನಿನಲ್ಲಿ ಇದು ಕಾಲು ಕಿಲೋದ ಒಳಗೇ ಬರುತ್ತದೆ. ಎಪ್ಪತ್ತು ಚದರ ಮೀಟರ್ ನೀರನ್ನು ಅಡ್ಡಗಟ್ಟುವ ಬಲೆ ಅಂಗೈಯಲ್ಲಿ ಹಿಡಿಯುವಷ್ಟು ಹಗುರ. ಪ್ರವಾಹ ಇದ್ದಾಗ ಬಲೆ ಓರೆಯಾಗುವುದರಿಂದ ಕಾಗದದ 2.70 ಮೀಟರ್ ನೀರಿನಲ್ಲಿ ಪೂರ್ತಿ ಸಿಗುವುದಿಲ್ಲ ಎಂಬುದನ್ನೂ ನೆನಪಿಡಿ.

ಹಂತ 4: ಬೆಂಡು ಮತ್ತು ಸೀಸ

ನೀರಿನಲ್ಲಿ ತೂಕ ಬೇರೆ, ಗಾಳಿಯಲ್ಲಿ ಬೇರೆ. ಸಮುದ್ರದ ನೀರಿನ ಸಾಂದ್ರತೆ ಸುಮಾರು 1.025. ಸೀಸದ್ದು 11.3, ಹಾಗಾಗಿ 25 ಗ್ರಾಂ ಸೀಸದ ಗುಂಡು ಸಮುದ್ರದಲ್ಲಿ ಸುಮಾರು 22.7 ಗ್ರಾಂನಷ್ಟು ಎಳೆಯುತ್ತದೆ. ನೈಲಾನ್ 1.14, ನಮ್ಮ ಇಡೀ ಹಾಳೆ ನೀರಿನಲ್ಲಿ ಎಳೆಯುವುದು 25 ಗ್ರಾಂನಷ್ಟೂ ಇಲ್ಲ. ಪಾಲಿಪ್ರೊಪಿಲೀನ್ ಹಗ್ಗ 0.91, ಅದು ತಾನೇ ತೇಲುತ್ತದೆ. ಆದ್ದರಿಂದ ಬಲೆಯನ್ನು ನಿಲ್ಲಿಸುವ ಕೆಲಸ ಬಹುತೇಕ ಬೆಂಡು ಮತ್ತು ಸೀಸದ್ದೇ.

ಬೆಂಡಿನ ತೇಲುಬಲವನ್ನು ಪೊಟ್ಟಣದ ಮೇಲೆ ನಂಬಬೇಡಿ, ಅಳೆಯಿರಿ. ಬಕೆಟ್ಟಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು ಕರಗಿಸಿದರೆ ಸಮುದ್ರದ ನೀರಿಗೆ ಸಾಕಷ್ಟು ಹತ್ತಿರ ಬರುತ್ತದೆ. ಬೆಂಡಿಗೆ ದಾರ ಕಟ್ಟಿ ಸೀಸದ ಚೂರುಗಳನ್ನು ಒಂದೊಂದೇ ಸೇರಿಸಿ. ಬೆಂಡು ಮೇಲೂ ಬರದೆ ಕೆಳಗೂ ಹೋಗದೆ ನಿಂತಾಗ ಆ ಸೀಸವನ್ನು ತೂಗಿ 0.91ರಿಂದ ಗುಣಿಸಿ. ಅದೇ ತೇಲುಬಲ. ಮನೆಯ ಸಂಪಿನಲ್ಲಿ ಈ ಪ್ರಯೋಗ ಬೇಡ, ಸೀಸ ಕುಡಿಯುವ ನೀರಿಗೆ ಸೇರಬಾರದು. ಅಳತೆ ಮುಗಿದ ಮೇಲೆ ಕೈ ತೊಳೆದುಕೊಳ್ಳಿ.

ಮೇಲ್ಮಟ್ಟದಲ್ಲಿ ತೇಲುತ್ತ ಸಾಗುವ ಬಲೆಗೆ ಬೆಂಡು ಗೆಲ್ಲಬೇಕು. ನಮ್ಮ ತುಂಡಿಗೆ 1.04 ಮೀಟರಿಗೊಂದರಂತೆ 26 ಬೆಂಡು, ಒಂದೊಂದರ ತೇಲುಬಲ 60 ಗ್ರಾಂ ಎಂದಿಟ್ಟರೆ ಮೇಲಕ್ಕೆ 1560. ಅದೇ ಅಂತರದಲ್ಲಿ 25 ಗ್ರಾಂನ 26 ಗುಂಡುಗಳಿಂದ ಕೆಳಕ್ಕೆ 590. ಹಾಳೆಯ ತೂಕ ಸೇರಿಸಿದರೂ ಬೆಂಡಿನ ಬಲ ಎರಡೂವರೆ ಪಟ್ಟು. ಮೀನು ತುಂಬಿ ಭಾರವಾದಾಗ ಬಲೆ ಮುಳುಗದಿರಲು ಈ ಹೆಚ್ಚುವರಿ ಬೇಕು.

ಅದೇ ಹಾಳೆಯನ್ನು ತಳದಲ್ಲಿ ನಿಲ್ಲಿಸಬೇಕಾದರೆ ಲೆಕ್ಕ ತಿರುಗುತ್ತದೆ. 30 ಗ್ರಾಂ ತೇಲುಬಲದ 26 ಬೆಂಡುಗಳು, ಮೇಲಕ್ಕೆ 780. ಸೀಸ ಅರ್ಧ ಮೀಟರಿಗೊಂದು, 51 ಗುಂಡು, ಕೆಳಕ್ಕೆ 1160ರಷ್ಟು. ಕೆಳಹಗ್ಗ ನೆಲಕ್ಕೆ ಕೂರುತ್ತದೆ, ಮೇಲ್ಹಗ್ಗ ಎದ್ದು ನಿಲ್ಲುತ್ತದೆ. ಬೆಂಡು ಅತಿಯಾದರೆ ಬಲೆ ಬಿಗಿದು ಮತ್ತೆ ಹಲಗೆಯಾಗುತ್ತದೆ, ಅನುಪಾತದಲ್ಲಿ ಗಳಿಸಿದ ಸಡಿಲ ಇಲ್ಲಿ ಹೋಗುತ್ತದೆ. ಗುಂಡು ದೊಡ್ಡದಾಗಿ ದೂರ ದೂರ ಇರುವುದಕ್ಕಿಂತ ಚಿಕ್ಕದಾಗಿ ಒತ್ತಾಗಿ ಇರುವುದು ಒಳ್ಳೆಯದು; ಇಲ್ಲದಿದ್ದರೆ ಎರಡು ಗುಂಡುಗಳ ನಡುವೆ ಕೆಳಹಗ್ಗ ಮೇಲೆದ್ದು ದಾರಿ ಬಿಡುತ್ತದೆ.

ಹಂತ 5: ಕೈಯಲ್ಲಿ ಒಂದು ಅಂಗುಲವಾದರೂ ಹೆಣೆಯಿರಿ

ಹಾಳೆಯನ್ನು ಕೊಳ್ಳುವುದೇ ಸರಿ. ಆದರೂ ಹರಿದ ಕಣ್ಣು ಸರಿಪಡಿಸಲು ಗಂಟು ಬರಬೇಕು. ಬಲೆ ಸೂಜಿಗೆ ಹುರಿ ನೂಲು ಸುತ್ತಿಕೊಳ್ಳಿ. 26 ಮಿ.ಮೀ. ಅಗಲದ ತೆಳು ಮರದ ಪಟ್ಟಿಯೊಂದನ್ನು ನುಣ್ಣಗೆ ಉಜ್ಜಿ ಇಟ್ಟುಕೊಳ್ಳಿ. ಮೇಲಿನ ಸಾಲಿನ ಕಣ್ಣಿನ ಕೆಳಗೆ ಪಟ್ಟಿ ಹಿಡಿದು, ನೂಲನ್ನು ಪಟ್ಟಿಯ ಮುಂದಿನಿಂದ ಇಳಿಸಿ ಹಿಂದಿನಿಂದ ಮೇಲೆ ತನ್ನಿ, ಮೇಲಿನ ಕಣ್ಣಿನೊಳಗೆ ಹಿಂದಿನಿಂದ ಮುಂದಕ್ಕೆ ತೂರಿಸಿ. ಕಣ್ಣು ಪಟ್ಟಿಯ ಅಂಚಿಗೆ ಬರುವವರೆಗೆ ಎಳೆದು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಈಗ ನೂಲನ್ನು ಎಡಕ್ಕೆ ಸಡಿಲ ಕುಣಿಕೆಯಾಗಿ ಎಸೆದು, ಸೂಜಿಯನ್ನು ಬಲದಿಂದ ಮೇಲಿನ ಕಣ್ಣಿನ ಎರಡೂ ಎಳೆಗಳ ಹಿಂದೆ ಹಾಯಿಸಿ, ಎಸೆದ ಕುಣಿಕೆಯೊಳಗಿಂದ ಹೊರತೆಗೆದು ಬಿಗಿಯಿರಿ. ಹೆಬ್ಬೆರಳು ಬಿಗಿಯುವವರೆಗೆ ಕದಲಬಾರದು. ಕದಲಿದರೆ ಗಂಟು ಕೆಳಗೆ ಜಾರಿ, ಎಳೆದಾಗ ಓಡುವ ಜಾರುಗಂಟಾಗುತ್ತದೆ. ಒಂಟಿ ಎಳೆ ನೈಲಾನ್ ನುಣುಪಾದ್ದರಿಂದ ಅದಕ್ಕೆ ಎರಡು ಸುತ್ತು ಬೇಕು.

ಹಂತ 6: ಹಗ್ಗಕ್ಕೆ ಕಟ್ಟುವುದು

ಹೊಸ ಹಗ್ಗವನ್ನು ನೇರ ಬಳಸಬೇಡಿ. ನೀರಿನಲ್ಲಿ ನೆನೆಸಿ, ತಾರಸಿಯಲ್ಲಿ ಎರಡು ಕಂಬಗಳ ನಡುವೆ ಭಾರ ಕಟ್ಟಿ ಒಂದು ರಾತ್ರಿ ಎಳೆದಿಡಿ. ಆಮೇಲೆ ಅಳೆದರೆ ಮಾತ್ರ 26 ಮೀಟರ್ ಸಮುದ್ರದಲ್ಲೂ 26 ಆಗಿ ಉಳಿಯುತ್ತದೆ. ಮೇಲ್ಹಗ್ಗಕ್ಕೆ ಎರಡು ಹಗ್ಗ ಜೋಡಿಸಿ, ಒಂದರಲ್ಲಿ ಬೆಂಡು, ಇನ್ನೊಂದರಲ್ಲಿ ಬಲೆ. ಇವೆರಡರ ಹುರಿ ವಿರುದ್ಧ ದಿಕ್ಕಿನದಾಗಿರಲಿ, ಇಲ್ಲದಿದ್ದರೆ ಎರಡೂ ಒಂದೇ ಕಡೆ ಸುತ್ತಿಕೊಂಡು ಬಲೆ ತಿರುಚುತ್ತದೆ.

ಹಗ್ಗದ ಮೇಲೆ ಪ್ರತಿ 104 ಮಿ.ಮೀ.ಗೆ ಬಣ್ಣದ ಗುರುತು ಹಾಕಿ. ಪ್ರತಿ ಎರಡು ಗುರುತುಗಳ ನಡುವೆ, ಕಟ್ಟುವ ನೂಲಿನಲ್ಲಿ ಪೋಣಿಸಿದ ನಾಲ್ಕು ಕಣ್ಣು ಸಡಿಲವಾಗಿ ಓಡಾಡಬೇಕು. ಗುರುತಿನ ಮೇಲೆ ನೂಲನ್ನು ಹಗ್ಗಕ್ಕೆ ಎರಡು ಸುತ್ತು ಹಾಕಿ, ಜಾರದಂತೆ ಒಂದು ಬೀಗಗಂಟು. ಹೀಗೆ 250 ಅಂತರ, 1000 ಕಣ್ಣು. ಎಣಿಕೆ ತಪ್ಪಿದರೆ ಕೊನೆಯಲ್ಲಿ ಕಣ್ಣು ಉಳಿಯುತ್ತದೆ. ಅದನ್ನು ಕೊನೆಯ ಮೀಟರಿನಲ್ಲಿ ತುರುಕಬೇಡಿ, ಬಿಚ್ಚಿ ಕಟ್ಟಿ. ಹಾಳೆಯ ಮೇಲಿನ ಮತ್ತು ಕೆಳಗಿನ ಒಂದೆರಡು ಸಾಲು ಕಣ್ಣುಗಳಿಗೆ ದಪ್ಪ ನೂಲಿನ ಅಂಚು ಇರಲಿ, ಎಳೆತದ ಭಾರ ಬೀಳುವುದು ಅಲ್ಲಿಯೇ. ಎರಡು ಬದಿಗಳಲ್ಲಿ 2.70 ಮೀಟರಿನ ಪಕ್ಕಹಗ್ಗ ಕಟ್ಟಿ, ಮೇಲ್ಹಗ್ಗ ಮತ್ತು ಕೆಳಹಗ್ಗದ ತುದಿಗಳನ್ನು ಒಂದೊಂದು ಮೀಟರ್ ಹೆಚ್ಚು ಬಿಡಿ. ತುಂಡಿಗೆ ತುಂಡು ಜೋಡಿಸಿ ಉದ್ದ ಮಾಡುವುದು ಅದರಿಂದಲೇ.

ಇಡೀ ತುಂಡನ್ನು ಕಟ್ಟುವ ಮೊದಲು ಒಂದು ಬೆಂಡಿನಿಂದ ಇನ್ನೊಂದಕ್ಕೆ, ಅಂದರೆ 1.04 ಮೀಟರ್ ಅಗಲ, 40 ಕಣ್ಣಿನ ಮಾದರಿ ಕಟ್ಟಿ ಬಟ್ಟೆ ತಂತಿಗೆ ನೇತುಹಾಕಿ. ಕೆಳಗೆ ಸೀಸ ಕಟ್ಟಿ ಕಣ್ಣುಗಳನ್ನು ನೋಡಿ: 26 ಅಗಲ, 45 ಎತ್ತರ ಬರುತ್ತಿದೆಯೇ ಎಂದು ಸ್ಕೇಲಿನಿಂದ ಅಳೆಯಿರಿ. ಬೆರಳಿನಿಂದ ತಳ್ಳಿದರೆ ಹಾಳೆ ಹಿಂದಕ್ಕೆ ಜೋಲಬೇಕು. ಅಳತೆ ಮುಗಿದ ತಕ್ಷಣ ಒಳಗೆ ತನ್ನಿ. ಬೆಂಗಳೂರಿನ ಬಿಸಿಲು ಹಿತವಾಗಿ ಕಂಡರೂ ನೈಲಾನಿಗೆ ಬಿಸಿಲು ಬಿಸಿಲೇ. ಹತ್ತಿರದ ಕೆರೆಯಲ್ಲಿ ಪರೀಕ್ಷಿಸುವ ಯೋಚನೆಯನ್ನು ಬಿಡಿ. ಕೆರೆಗಳ ಮೀನು ಹಕ್ಕನ್ನು ಗುತ್ತಿಗೆಗೆ ಕೊಡಲಾಗುತ್ತದೆ, ನಿಮ್ಮ ಪ್ರಯೋಗ ಅಲ್ಲಿ ಕಳ್ಳತನ ಎನಿಸಿಕೊಳ್ಳುತ್ತದೆ.

ಹಂತ 7: ಊರಿಗೆ ಕಳುಹಿಸುವ ಮೊದಲು

ಬೆಂಡುಗಳನ್ನು ಮೇಲ್ಹಗ್ಗಕ್ಕೆ ಕಟ್ಟುವಾಗ ನೈಲಾನ್ ಬದಲು ಹತ್ತಿ ಅಥವಾ ಸೆಣಬಿನ ದಾರ ಬಳಸಿ. ಋತುವಿನಲ್ಲಿ ಒಮ್ಮೆ ಬದಲಿಸುವ ಕೆಲಸ ಹೆಚ್ಚುತ್ತದೆ ನಿಜ. ಆದರೆ ಬಲೆ ಸಮುದ್ರದಲ್ಲಿ ಕಳೆದುಹೋದರೆ ಆ ದಾರ ಕೊಳೆತು ಬೆಂಡುಗಳು ಬಿಟ್ಟುಹೋಗುತ್ತವೆ, ಬಲೆ ಕುಸಿದು ಬೀಳುತ್ತದೆ. ನೈಲಾನಿನಲ್ಲಿ ಕಟ್ಟಿದ್ದು ಯಾರೂ ಎತ್ತದೆಯೂ ಬಹುಕಾಲ ಮೀನು ಕೊಲ್ಲುತ್ತಿರುತ್ತದೆ. ತುದಿಗಳ ಬೋಯಗಳ (ಬಲೆಯ ಜಾಗ ತೋರಿಸುವ ತೇಲುಗುರುತುಗಳ) ಮೇಲೆ ದೋಣಿಯ ನೋಂದಣಿ ಸಂಖ್ಯೆ ಬರೆಸಿ. ಬಲೆಗಳನ್ನು ಹೀಗೆ ಗುರುತು ಮಾಡುವ ಬಗ್ಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಗೆ 2018ರಲ್ಲಿ ಒಪ್ಪಿಗೆ ಸಿಕ್ಕಿದೆ. ರಾತ್ರಿ ಬಲೆ ಬಿಡುವವರಾದರೆ ಬೋಯಕ್ಕೆ ದೀಪವೂ ಬೇಕು, ಯಾಂತ್ರಿಕ ದೋಣಿಗಳು ಬಲೆಯನ್ನು ಕತ್ತರಿಸಿಕೊಂಡು ಹೋಗುವ ಜಗಳಗಳಲ್ಲಿ ಅರ್ಧ ಕತ್ತಲೆಯವು.

ಸಮಯದ ವಿಷಯ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗಳಿಗೆ ಅದರಿಂದ ವಿನಾಯಿತಿ ಉಂಟು. ನಿಮ್ಮ ಬಲೆ ಮೇ ತಿಂಗಳಲ್ಲೇ ಊರು ಮುಟ್ಟಿದರೆ ಮಳೆಗಾಲದ ಮೊದಲ ಬಂಗುಡೆಗೆ ಸಿದ್ಧವಾಗಿರುತ್ತದೆ. ರಾತ್ರಿ ಬಸ್ಸಿನ ಪಾರ್ಸಲ್‌ಗೆ ಹಾಕುವಾಗ ಬೆಂಡಿನ ಹಗ್ಗ ಒಂದು ಕಡೆ, ಸೀಸದ ಹಗ್ಗ ಇನ್ನೊಂದು ಕಡೆ ಬರುವಂತೆ ಮಡಚಿ ಬೇರೆ ಬೇರೆ ಕಟ್ಟಿ, ಗೋಣಿಚೀಲಕ್ಕೆ ತುಂಬಿ. ಜೊತೆಗೆ ಒಂದು ಹಾಳೆಯಲ್ಲಿ ಕಣ್ಣಿನ ಅಳತೆ, ಅನುಪಾತ, ಕಣ್ಣುಗಳ ಎಣಿಕೆ, ಬೆಂಡು ಮತ್ತು ಸೀಸದ ತೂಕ ಬರೆದಿಡಿ. ಮೊದಲ ಹತ್ತಾರು ಬಂಗುಡೆ ಬಲೆಯ ಯಾವ ಎತ್ತರದಲ್ಲಿ ಸಿಕ್ಕವು, ಕಿವಿರಿನಲ್ಲಿ ಸಿಕ್ಕವೋ ಮೈಯಲ್ಲೋ ಎಂದು ಬರೆದು ಕಳುಹಿಸಲು ಅಣ್ಣನಿಗೆ ಹೇಳಿ. ಮೀನು ಮೂತಿಯಲ್ಲೇ ನಿಂತಿದ್ದರೆ ಮುಂದಿನ ತುಂಡಿಗೆ ಕಣ್ಣು 54ಕ್ಕೆ ಏರಿಸಿ, ಹೊಟ್ಟೆಯವರೆಗೆ ತೂರಿದ್ದರೆ 50ಕ್ಕೆ ಇಳಿಸಿ.